ಅರ್ಧ ಹೊಂದುವ ದಾನಿಯಿಂದ ಅಸ್ಥಿಮಜ್ಜೆ ಕಸಿ: ಒಂದು ಪ್ರಕರಣ ಅಧ್ಯಯನ

ಕಸಿ ಎಂದರೆ ಒಂದು ದಿನದ ಕೆಲಸ ಎಂದು ಹೊರಗಿನವರಿಗೆ ಅನಿಸುತ್ತದೆ. ರಕ್ತದ ಕೋಶಗಳನ್ನು ಹುಟ್ಟಿಸುವ ಕಾಂಡಕೋಶದ ಚೀಲ ರಕ್ತದ ಚೀಲದಂತೆಯೇ ಇರುತ್ತದೆ, ಗಂಟೆಯೊಳಗೆ ಡ್ರಿಪ್‌ನಲ್ಲಿ ಇಳಿದು ಮುಗಿಯುತ್ತದೆ. ಆದರೆ ಈ ಪ್ರಕರಣದ ಗತಿಯನ್ನು ಬದಲಿಸಿದ ಮೂರು ಘಟ್ಟಗಳಲ್ಲಿ ಒಂದೂ ಆ ದಿನ ಬರಲಿಲ್ಲ. ಒಂದು ಅದಕ್ಕೆ ಮುಂಚೆ, ದಾನಿಯನ್ನು ಆರಿಸುವಾಗ ಬಂತು. ಇನ್ನೊಂದು ಮಾರನೆಯ ದಿನ ಜ್ವರದ ರೂಪದಲ್ಲಿ ಬಂತು. ಮೂರನೆಯದು ಎರಡು ತಿಂಗಳ ಮೇಲೆ, ಎಲ್ಲರೂ ನಿರಾಳವಾಗಿದ್ದಾಗ. ಗುರುತು ಸಿಗದಂತೆ ವಯಸ್ಸು, ತೂಕ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದೆ. ವೈದ್ಯಕೀಯ ನಿರ್ಧಾರಗಳ ಸರಣಿಯನ್ನು ಮುಟ್ಟಿಲ್ಲ.

ಹಿನ್ನೆಲೆ

43 ವರ್ಷದ ಮಹಿಳೆ, ತೂಕ 58 ಕಿಲೋ, ಇಬ್ಬರು ಮಕ್ಕಳ ತಾಯಿ. ಮೂರು ವಾರದಿಂದ ಸುಸ್ತು, ಒಸಡಿನಲ್ಲಿ ರಕ್ತ. ಮಜ್ಜೆಯ ಪರೀಕ್ಷೆಯಲ್ಲಿ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಜೀನ್ ಪರೀಕ್ಷೆಯಲ್ಲಿ ಆರ್‌ಯುಎನ್‌ಎಕ್ಸ್1 ಎಂಬ ಜೀನ್ ಕೆಟ್ಟಿತ್ತು. ಈ ಬದಲಾವಣೆ ಇದ್ದರೆ ಬರೀ ಕಿಮೊದಿಂದ ಕಾಯಿಲೆ ಬಹಳ ಕಾಲ ಸುಮ್ಮನಿರುವುದು ಕಡಿಮೆ. ಹಾಗಾಗಿ ಮೊದಲ ವಾರದಲ್ಲೇ ಕಸಿಯ ಮಾತು ಬಂತು, ಒಡಹುಟ್ಟಿದವರ ರಕ್ತದ ಮಾದರಿ ತೆಗೆದುಕೊಂಡದ್ದೂ ಆಗಲೇ.

ಅದೇ ವಾರ ಇನ್ನೊಂದು ಕೆಲಸವೂ ಆಯಿತು. ಕೆಟ್ಟ ಜೀನ್ ಮಾದರಿಯ ಶೇ. 44ರಷ್ಟು ಪ್ರತಿಗಳಲ್ಲಿ ಕಂಡಿತ್ತು. ಸಂಖ್ಯೆ 50ರ ಆಸುಪಾಸು ಇದ್ದರೆ, ಅದು ಕಾಯಿಲೆಯ ಕೋಶಗಳಲ್ಲಿ ಮಾತ್ರ ಹುಟ್ಟಿದ್ದೋ, ಜನ್ಮದಿಂದಲೇ ಬಂದದ್ದೋ ಎಂದು ಕೇಳಲೇಬೇಕು. ಜನ್ಮದಿಂದ ಬಂದಿದ್ದರೆ ಒಡಹುಟ್ಟಿದವರಲ್ಲೂ ಇರಬಹುದು. ಅಂಥವರ ಮಜ್ಜೆಯನ್ನು ಕಸಿ ಮಾಡಿದರೆ ಕಾಯಿಲೆಯ ಬೀಜವನ್ನೇ ಮರಳಿ ಬಿತ್ತಿದಂತೆ. ಲ್ಯುಕೇಮಿಯಾ ಇರುವವರ ರಕ್ತವಾಗಲಿ ಎಂಜಲಾಗಲಿ ಈ ಪರೀಕ್ಷೆಗೆ ಆಗುವುದಿಲ್ಲ, ಎರಡರಲ್ಲೂ ಕಾಯಿಲೆಯ ಕೋಶ ಬೆರೆತಿರುತ್ತದೆ. ಚರ್ಮದ ಚಿಕ್ಕ ತುಣುಕು ತೆಗೆದು, ಅದರ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬೇಕು. ಇದಕ್ಕೆ ವಾರಗಳು ಹಿಡಿಯುತ್ತವೆ, ಆದ್ದರಿಂದಲೇ ಮೊದಲ ಕಿಮೊ ನಡೆಯುತ್ತಿರುವಾಗಲೇ ಕಳಿಸಿದರು. ಚರ್ಮದ ಕೋಶಗಳಲ್ಲಿ ಆ ಬದಲಾವಣೆ ಇರಲಿಲ್ಲ. ಕುಟುಂಬದ ದಾನಿಗಳ ಬಾಗಿಲು ತೆರೆದುಕೊಂಡಿತು.

ಮೊದಲ ಕಿಮೊ ರೂಢಿಯದ್ದೇ: ಸೈಟರಬಿನ್ 7 ದಿನ, ಡೌನೊರುಬಿಸಿನ್ 3 ದಿನ. ಸೂಕ್ಷ್ಮದರ್ಶಕದಲ್ಲಿ ಕಾಯಿಲೆ ಕಾಣಲಿಲ್ಲ. ಕೋಶಗಳನ್ನು ಇನ್ನೂ ಸೂಕ್ಷ್ಮವಾಗಿ ಎಣಿಸುವ ಫ್ಲೋ ಸೈಟೊಮೆಟ್ರಿಯಲ್ಲಿ ಮಾತ್ರ ಶೇ. 0.4ರಷ್ಟು ಉಳಿಕೆ ಕಂಡಿತು. 0.1ರ ಮೇಲೆ ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಹೆಚ್ಚಿನ ಪ್ರಮಾಣದ ಸೈಟರಬಿನ್ ಒಂದು ಸುತ್ತು ಕೊಟ್ಟ ಮೇಲೆ ಉಳಿಕೆಯೂ ಅಳತೆಗೆ ಸಿಗದಷ್ಟು ಇಳಿಯಿತು. ಈ ಬಿಡುವಿನಲ್ಲೇ ಕಸಿ ಆಗಬೇಕಿತ್ತು.

ದಾನಿ ಯಾರು?

ದಾನಿಯ ಮತ್ತು ರೋಗಿಯ ಕೋಶಗಳ ಮೇಲಿನ ಎಚ್‌ಎಲ್‌ಎ ಎಂಬ ಗುರುತುಗಳು ಹೊಂದಬೇಕು. ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು. ಇವರಿಗೆ ಇದ್ದವರು ಇಬ್ಬರು, ಅಕ್ಕ ಮತ್ತು ತಮ್ಮ. ಲೆಕ್ಕದ ಪ್ರಕಾರ ಇಬ್ಬರಲ್ಲಿ ಒಬ್ಬರಾದರೂ ಹೊಂದುವ ಸಂಭವ ಶೇ. 44. ಆ ಅದೃಷ್ಟ ಒದಗಲಿಲ್ಲ. ಅಕ್ಕನಿಗೆ ಏನೂ ಹೊಂದಲಿಲ್ಲ, ತಮ್ಮನಿಗೆ ಅರ್ಧ ಹೊಂದಿತು. ದಾನಿಗಳ ನೋಂದಣಿಯಲ್ಲಿ ಹತ್ತು ಗುರುತುಗಳಲ್ಲಿ ಒಂಬತ್ತು ಹೊಂದುವ ಇಬ್ಬರು ಸಿಕ್ಕರು, ಆದರೆ ಅವರಿಂದ ಕೋಶ ಪಡೆಯಲು ಕನಿಷ್ಠ ಹತ್ತು ವಾರ ಬೇಕಿತ್ತು. ಒಮ್ಮೆ ಉಳಿಕೆ ಕಂಡ ಕಾಯಿಲೆಯಲ್ಲಿ ಹತ್ತು ವಾರ ಕಾಯುವುದು ಬೇಡ ಎಂದು ತಂಡ ತೀರ್ಮಾನಿಸಿತು.

ಇನ್ನು ಅರ್ಧ ಹೊಂದುವ ದಾನಿಗಳು. ಎಚ್‌ಎಲ್‌ಎ ಗುರುತುಗಳ ಒಂದು ಕಂತೆ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಹಾಗಾಗಿ ಹೆತ್ತ ಮಕ್ಕಳೆಲ್ಲ ತಾಯಿಗೆ ಅರ್ಧ ಹೊಂದಿಯೇ ಹೊಂದುತ್ತಾರೆ. ಮಗನಿಗೆ 20 ವರ್ಷ, ಆರೋಗ್ಯವಂತ, ಮೊದಲ ದಿನದಿಂದಲೂ ಕೊಡುತ್ತೇನೆಂದು ನಿಂತಿದ್ದವನು. ತಮ್ಮನಿಗೆ 38. ಚಿಕ್ಕ ವಯಸ್ಸಿನ ದಾನಿಯೇ ಮೇಲು ಎಂಬ ನಿಯಮದಂತೆ ಕಾಗದದ ಮೇಲೆ ಮಗನ ಹೆಸರೇ ಮೇಲಿತ್ತು.

ಹಿಂದೆ ಗರ್ಭಿಣಿಯಾಗಿದ್ದವರಲ್ಲಿ ಇಲ್ಲಿ ಒಂದು ಪರೀಕ್ಷೆಯನ್ನು ಬಿಡುವಂತೆಯೇ ಇಲ್ಲ. ಮಗು ಹೊಟ್ಟೆಯಲ್ಲಿದ್ದಾಗ ಅದರ ಕೋಶಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ಆ ಕೋಶಗಳ ಮೇಲಿರುವ ತಂದೆಯ ಕಡೆಯ ಗುರುತುಗಳನ್ನು ತಾಯಿಯ ಮೈ ಪರಕೀಯ ಎಂದು ಹಿಡಿದು ಪ್ರತಿಕಾಯ ಮಾಡಿಕೊಳ್ಳಬಹುದು. ಆ ಪ್ರತಿಕಾಯ ದಶಕಗಳ ನಂತರವೂ ಉಳಿದಿರಬಹುದು. ಮಗುವಿಗೂ ತಾಯಿಗೂ ಅದರಿಂದ ಆಗ ಏನೂ ತೊಂದರೆ ಆಗಿರುವುದಿಲ್ಲ. ಅದೇ ಮಗುವಿನ ಕಾಂಡಕೋಶವನ್ನು ತಾಯಿಗೆ ಕೊಟ್ಟಾಗ ಮಾತ್ರ, ಅವು ಮಜ್ಜೆಯಲ್ಲಿ ನೆಲೆಯೂರುವ ಮೊದಲೇ ನಾಶವಾಗಬಹುದು. ಹಳೆಯ ಮಜ್ಜೆ ಕಿಮೊದಿಂದ ಬರಿದಾಗಿದೆ, ಹೊಸದು ಹತ್ತುವುದಿಲ್ಲ. ಕಸಿಯಲ್ಲಿ ಇದಕ್ಕಿಂತ ಭಯಂಕರ ಸ್ಥಿತಿ ಇನ್ನೊಂದಿಲ್ಲ.

ಈ ಪ್ರತಿಕಾಯವನ್ನು ಅಳೆಯುವ ಪರೀಕ್ಷೆಯಲ್ಲಿ ಫಲಿತಾಂಶ ಬರುವುದು ಹೊಳಪಿನ ಅಂಕಿಯಲ್ಲಿ, ಅದನ್ನು ಎಂಎಫ್‌ಐ ಎನ್ನುತ್ತಾರೆ. ಸುಮಾರು 1,000ದ ಮೇಲೆ ಇದ್ದರೆ ಇದೆ ಎಂದು ಲೆಕ್ಕ, 5,000 ದಾಟಿದರೆ ಕಸಿ ಹತ್ತದೇ ಹೋಗುವ ಅಪಾಯ ಎದ್ದು ಕಾಣುತ್ತದೆ. ಮಗನ ಒಂದು ಗುರುತಿನ ವಿರುದ್ಧ ತಾಯಿಯ ರಕ್ತದಲ್ಲಿ 11,400 ಇತ್ತು. ತಮ್ಮನ ಗುರುತುಗಳ ವಿರುದ್ಧ ಏನೂ ಇರಲಿಲ್ಲ. ಪ್ಲಾಸ್ಮಾ ಬದಲಾವಣೆ, ಇಮ್ಯುನೊಗ್ಲೋಬುಲಿನ್, ರಿಟುಕ್ಸಿಮಾಬ್ ಕೊಟ್ಟು ಪ್ರತಿಕಾಯ ಇಳಿಸುವ ದಾರಿ ಇದೆ. ಅದು ವಾರಗಟ್ಟಲೆ ಹಿಡಿಯುತ್ತದೆ, ಇಳಿದೇ ಇಳಿಯುತ್ತದೆಂಬ ಭರವಸೆ ಇಲ್ಲ. ಬೇರೆ ದಾನಿ ಕೈಯಲ್ಲೇ ಇರುವಾಗ ಆ ದಾರಿ ಹಿಡಿಯಬಾರದು. ದಾನಿ ತಮ್ಮನೇ ಎಂದು ನಿಶ್ಚಯವಾಯಿತು.

ಮಗನಿಗೆ ಇದನ್ನು ಹೇಳುವುದು ಸುಲಭವಾಗಲಿಲ್ಲ. "ನನ್ನ ಅಮ್ಮನಿಗೆ ನಾನೇ ಆಗಿಬರಲ್ಲ ಅಂದ್ರೆ ಹೇಗೆ ಡಾಕ್ಟ್ರೇ?" ಎಂದು ಅವನು ಮತ್ತೆ ಮತ್ತೆ ಕೇಳಿದ. ವರದಿಯನ್ನು ಅವನ ಮುಂದಿಟ್ಟು, ಅವನಲ್ಲಿ ಯಾವ ಕೊರತೆಯೂ ಇಲ್ಲ, ಇದು ಅವನನ್ನು ಹೊತ್ತದ್ದರ ನೆನಪು ಎಂದು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ಕೊಡಲೇಬೇಕಾದದ್ದು. ಮುಂದಿನ ನೂರು ದಿನ ಮನೆಯಲ್ಲಿ ತಾಯಿಯನ್ನು ನೋಡಿಕೊಂಡವನು ಅವನೇ.

ತಮ್ಮನ ರಕ್ತದ ಗುಂಪು ಎ, ರೋಗಿಯದು ಒ. ಇದು ಕಸಿಗೆ ಅಡ್ಡಿಯಲ್ಲ, ಆದರೆ ರಕ್ತನಿಧಿಗೆ ಮೊದಲೇ ತಿಳಿಸಬೇಕು: ಕೆಂಪುಕಣ ಒ ಗುಂಪಿನದು, ಪ್ಲೇಟ್‌ಲೆಟ್ ಮತ್ತು ಪ್ಲಾಸ್ಮಾ ಎ ಅಥವಾ ಎಬಿ ಗುಂಪಿನದು, ಮತ್ತು ಕೋಶವಿರುವ ಪ್ರತಿ ಚೀಲವೂ ವಿಕಿರಣ ಹಾಯಿಸಿದ್ದೇ ಆಗಿರಬೇಕು.

ಕಸಿಗೆ ಮುಂಚಿನ ಆರು ದಿನ

ದಿನಗಳನ್ನು ಕಸಿಯ ದಿನವನ್ನು ಸೊನ್ನೆ ಎಂದಿಟ್ಟುಕೊಂಡು ಎಣಿಸುತ್ತಾರೆ. ಹಳೆಯ ಮಜ್ಜೆಯನ್ನು ಬರಿದು ಮಾಡುವ ಕಿಮೊ ಹೀಗಿತ್ತು: ಮೈನಸ್ 6 ಮತ್ತು 5ರಂದು ಥಯೊಟೆಪಾ, ಕಿಲೋಗೆ 5 ಮಿ.ಗ್ರಾಂ. ಮೈನಸ್ 4ರಿಂದ 2ರವರೆಗೆ ಬುಸಲ್ಫಾನ್ ಕಿಲೋಗೆ 3.2 ಮಿ.ಗ್ರಾಂ, ಜೊತೆಗೆ ಫ್ಲುಡರಬಿನ್ ಚದರ ಮೀಟರಿಗೆ 50 ಮಿ.ಗ್ರಾಂ. ಮೈನಸ್ 1 ವಿಶ್ರಾಂತಿ.

ಥಯೊಟೆಪಾ ಬೆವರಿನಲ್ಲಿ ಹೊರಬರುತ್ತದೆ. ಕಂಕುಳು, ತೊಡೆಸಂದು, ಸ್ತನದ ಕೆಳಗಿನ ಮಡಿಕೆ, ಅಂಟುಪಟ್ಟಿಯ ಅಡಿ, ಹೀಗೆ ಬೆವರು ನಿಲ್ಲುವಲ್ಲೆಲ್ಲ ಚರ್ಮ ಸುಟ್ಟಂತೆ ಕಪ್ಪಾಗಿ ಸುಲಿಯುತ್ತದೆ. ಹಾಗಾಗಿ ಆರು ಗಂಟೆಗೊಮ್ಮೆ, ನಡುರಾತ್ರಿಯಲ್ಲೂ ಎಬ್ಬಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ. ಒರೆಸುವಾಗ ಉಜ್ಜದೆ ಒತ್ತಿ ತೆಗೆಯಬೇಕು. ಎಣ್ಣೆ, ಕ್ರೀಮ್ ಯಾವುದೂ ಬೇಡ. ಪ್ರತಿ ಸ್ನಾನಕ್ಕೂ ಹಾಸಿಗೆಯ ಹೊದಿಕೆ ಬದಲಾಗಬೇಕು, ಎದೆಯ ಕ್ಯಾತಿಟರಿನ ಪಟ್ಟಿಯೂ ಒದ್ದೆಯಾದರೆ ಬದಲಾಗಬೇಕು. ಕೊನೆಯ ಡೋಸ್ ಆದ ಮೇಲೂ ಎರಡು ದಿನ ಹೀಗೇ ನಡೆಯಿತು. ಇಷ್ಟಾಗಿಯೂ ಒಂದು ಕಡೆ, ಗಡಿಯಾರದ ಪಟ್ಟಿ ಕಟ್ಟುವ ಮಣಿಕಟ್ಟಿನಲ್ಲಿ, ಕಂದು ಉಂಗುರ ಮೂಡಿತು. ರೋಗಿಯ ಗುರುತಿನ ಪ್ಲಾಸ್ಟಿಕ್ ಪಟ್ಟಿಯನ್ನು ಸ್ನಾನದ ಹೊತ್ತಿನಲ್ಲಿ ಯಾರೂ ಸರಿಸಿರಲಿಲ್ಲ.

ಬುಸಲ್ಫಾನ್‌ನಿಂದ ಫಿಟ್ಸ್ ಬರಬಹುದು, ಅದಕ್ಕೆ ಲೆವೆಟಿರಾಸಿಟಾಮ್. ಯಕೃತ್ತಿನ ಚಿಕ್ಕ ರಕ್ತನಾಳಗಳು ಕಟ್ಟಿಕೊಳ್ಳಬಹುದು, ಅದಕ್ಕೆ ಅರ್ಸೊಡಿಯಾಕ್ಸಿಕೋಲಿಕ್ ಆಸಿಡ್. ಆ ದಿನಗಳಲ್ಲಿ ಪ್ಯಾರಸಿಟಮಾಲ್ ಕೊಡುವಂತಿಲ್ಲ, ಶಿಲೀಂಧ್ರಕ್ಕೆ ಕೊಡುವ ಅಜೋಲ್ ಗುಂಪಿನ ಔಷಧವನ್ನೂ ಶುರು ಮಾಡುವಂತಿಲ್ಲ. ಎರಡೂ ಬುಸಲ್ಫಾನ್ ಮೈಯಿಂದ ಹೊರಹೋಗುವುದನ್ನು ತಡೆಯುತ್ತವೆ.

ಅತ್ತ ತಮ್ಮನಿಗೆ (71 ಕಿಲೋ) ಮಜ್ಜೆಯ ಕಾಂಡಕೋಶಗಳನ್ನು ರಕ್ತಕ್ಕೆ ಇಳಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದು, ದಿನಕ್ಕೆ ಕಿಲೋಗೆ 10 ಮೈಕ್ರೋಗ್ರಾಂ. ಮೂರನೆಯ ದಿನದಿಂದ ಸೊಂಟ, ಬೆನ್ನು ಹಿಂಡುವ ನೋವು. ಮಜ್ಜೆ ತುಂಬಿಬರುವಾಗ ಆಗುವ ಈ ನೋವು ಚುಚ್ಚುಮದ್ದು ನಿಂತ ಒಂದೆರಡು ದಿನಕ್ಕೆ ಹೋಗುತ್ತದೆ. ಐದನೆಯ ದಿನ ಯಂತ್ರದಲ್ಲಿ ನಾಲ್ಕು ಗಂಟೆ ಕೂತರು. ಒಂದು ತೋಳಿಂದ ರಕ್ತ ತೆಗೆದು, ಕಾಂಡಕೋಶ ಬೇರ್ಪಡಿಸಿ, ಉಳಿದದ್ದನ್ನು ಇನ್ನೊಂದು ತೋಳಿಗೆ ಮರಳಿಸುತ್ತದೆ. ತುಟಿ ಜುಮುಗುಟ್ಟಿದಾಗ ಕ್ಯಾಲ್ಸಿಯಂ ಕೊಟ್ಟರು, ರಕ್ತ ಹೆಪ್ಪುಗಟ್ಟದಂತೆ ಸೇರಿಸುವ ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದಿಡುವುದರಿಂದ ಹೀಗಾಗುತ್ತದೆ. ರೋಗಿಯ ಪ್ರತಿ ಕಿಲೋಗೆ 51 ಲಕ್ಷ ಸಿಡಿ34 ಕೋಶಗಳು, ಅಂದರೆ ಕಾಂಡಕೋಶಗಳು, ಸಿಕ್ಕವು. 20 ಲಕ್ಷ ಕನಿಷ್ಠ, 40-50 ಲಕ್ಷ ಇದ್ದರೆ ಸಮಾಧಾನ. ಅದೇ ಸಂಜೆ ಕೋಶಗಳು ರೋಗಿಯ ಮೈ ಸೇರಿದವು.

ಜ್ವರ ಬಂದಾಗ ಕೈಕಟ್ಟಿ ಕೂರುವ ಧೈರ್ಯ

ಅರ್ಧ ಹೊಂದುವ ಕಸಿ ಇಂದು ಸಾಧ್ಯವಾಗಿರುವುದಕ್ಕೆ ದೊಡ್ಡ ಕಾರಣ ಹಳೆಯ ಒಂದು ಔಷಧವನ್ನು ಹೊಸ ಹೊತ್ತಿನಲ್ಲಿ ಕೊಡುವುದು: ಸೈಕ್ಲೊಫಾಸ್ಫಮೈಡ್, ಕಿಲೋಗೆ 50 ಮಿ.ಗ್ರಾಂ, ಪ್ಲಸ್ 3 ಮತ್ತು ಪ್ಲಸ್ 4ರಂದು. ದಾನಿಯ ಟಿ ಕೋಶಗಳಲ್ಲಿ (ಪರಕೀಯವನ್ನು ಹುಡುಕಿ ಹೊಡೆಯುವ ಬಿಳಿಕಣಗಳು) ರೋಗಿಯ ಮೈಯನ್ನು ಪರಕೀಯ ಎಂದು ಗುರುತಿಸುವವು ಮೊದಲ ಎರಡು-ಮೂರು ದಿನ ವೇಗವಾಗಿ ಇಬ್ಭಾಗವಾಗುತ್ತಾ ಹೆಚ್ಚುತ್ತವೆ. ಹಾಗೆ ಹೆಚ್ಚುತ್ತಿರುವವನ್ನೇ ಈ ಔಷಧ ಕೊಲ್ಲುತ್ತದೆ. ಕಾಂಡಕೋಶಗಳಲ್ಲಿ ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಹೇರಳವಾಗಿದ್ದು, ಔಷಧವನ್ನು ನಿಷ್ಕ್ರಿಯಗೊಳಿಸಿ ಬದುಕಿಕೊಳ್ಳುತ್ತವೆ. ಅಂದರೆ ಆ ಟಿ ಕೋಶಗಳು ಮೊದಲು ಕೆರಳಲೇಬೇಕು. ಕೆರಳುವ ಮೊದಲೇ ಸ್ಟೀರಾಯ್ಡ್ ಕೊಟ್ಟು ಮಲಗಿಸಿದರೆ ಅವು ಔಷಧದಿಂದ ತಪ್ಪಿಸಿಕೊಂಡು ಮುಂದೆ ಎದ್ದುಬರಬಹುದು.

ಪ್ಲಸ್ 1ರ ರಾತ್ರಿ ಜ್ವರ 39.6 ಡಿಗ್ರಿ ಸೆಲ್ಸಿಯಸ್, ಪ್ಲಸ್ 2ರಂದು 40.1. ಮೈ ಕೆಂಪಾಗಿ ನಡುಗುತ್ತಿದ್ದರು. ರಕ್ತದೊತ್ತಡ ಮತ್ತು ಆಮ್ಲಜನಕ ಸರಿಯಿತ್ತು. ಕಲ್ಚರ್ ಕಳಿಸಿ ಅರ್ಧ ಗಂಟೆಯೊಳಗೆ ಆ್ಯಂಟಿಬಯಾಟಿಕ್ ಶುರು ಮಾಡಿದರು, ಏಕೆಂದರೆ ಸೋಂಕಿನ ಜ್ವರ ಯಾವುದು, ಕೋಶ ಕೆರಳಿದ ಜ್ವರ ಯಾವುದು ಎಂದು ಹಾಸಿಗೆಯ ಬಳಿ ನಿಂತು ಹೇಳಲಾಗುವುದಿಲ್ಲ. ಬುಸಲ್ಫಾನ್ ಮುಗಿದು ದಿನಗಳಾಗಿದ್ದರಿಂದ ಪ್ಯಾರಸಿಟಮಾಲ್‌ಗೆ ಅಡ್ಡಿ ಇರಲಿಲ್ಲ. ಸ್ಟೀರಾಯ್ಡ್ ಮಾತ್ರ ಬೇಡ ಎಂದು ಹಿರಿಯ ವೈದ್ಯರು ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದರು. ರಕ್ತದೊತ್ತಡ ಕುಸಿದರೆ ಅಥವಾ ಉಸಿರಾಟ ಕೆಟ್ಟರೆ ಉರಿಯೂತ ತಗ್ಗಿಸುವ ಟೊಸಿಲಿಜುಮಾಬ್, ಅದೂ ಅವರನ್ನು ಕೇಳಿಯೇ.

ಸ್ಟೀರಾಯ್ಡ್ ವಾರ್ಡಿನೊಳಗೆ ನುಸುಳುವುದು ಯಾರೋ ಬೇಕೆಂದು ಬರೆದಾಗಲ್ಲ, ರೂಢಿಯ ಪಟ್ಟಿಗಳ ಮೂಲಕ. ಪ್ಲಸ್ 2ರ ರಾತ್ರಿ ಪ್ಲೇಟ್‌ಲೆಟ್ ಕೊಡಬೇಕಿತ್ತು. ಪ್ಲೇಟ್‌ಲೆಟ್‌ಗೆ ಮುಂಚೆ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ಎಂಬ ಹಳೆಯ ಆದೇಶ, ಮೊದಲ ಕಿಮೊದ ಕಾಲದಿಂದ ಹಾಗೇ ನಕಲಾಗುತ್ತಾ ಬಂದದ್ದು, ಚಾರ್ಟಿನಲ್ಲಿತ್ತು. ಸಿರಿಂಜಿಗೆ ಔಷಧ ಎಳೆದುಕೊಂಡಿದ್ದ ಸಿಸ್ಟರ್ ಮೊದಲ ಪುಟದ ಬರಹ ನೆನಪಾಗಿ ನಿಂತರು, ಡ್ಯೂಟಿ ವೈದ್ಯರಿಗೆ ಫೋನ್ ಮಾಡಿದರು. ಆದೇಶ ರದ್ದಾಯಿತು. ಮರುದಿನ ಹುಡುಕಿದಾಗ ಇನ್ನೊಂದು ಸಿಕ್ಕಿತು: ಸೈಕ್ಲೊಫಾಸ್ಫಮೈಡ್‌ನ ವಾಂತಿ ತಡೆಯುವ ಮುದ್ರಿತ ಪಟ್ಟಿಯಲ್ಲಿ ಡೆಕ್ಸಾಮೆಥಾಸೋನ್. ಅದನ್ನೂ ಹೊಡೆದುಹಾಕಿ ಬೇರೆ ಔಷಧಗಳನ್ನು ಉಳಿಸಿಕೊಂಡರು.

ಪ್ಲಸ್ 3ರಂದು 2,900 ಮಿ.ಗ್ರಾಂ ಸೈಕ್ಲೊಫಾಸ್ಫಮೈಡ್, ಮೂತ್ರಕೋಶ ಕಾಯಲು ಮೆಸ್ನಾ, ಧಾರಾಳ ಡ್ರಿಪ್, ಇಸಿಜಿ. ಆ ರಾತ್ರಿಯೇ ಜ್ವರ ಇಳಿಯಿತು. ಕಲ್ಚರ್‌ಗಳಲ್ಲಿ ಏನೂ ಬೆಳೆಯಲಿಲ್ಲ. ಎರಡನೆಯ ಡೋಸ್ ಮುಗಿದು 24 ಗಂಟೆ ಕಳೆದ ಮೇಲೆ, ಪ್ಲಸ್ 5ರಿಂದ, ರೋಗನಿರೋಧಕ ತಗ್ಗಿಸುವ ಟ್ಯಾಕ್ರೊಲಿಮಸ್ ಮತ್ತು ಮೈಕೊಫಿನೊಲೇಟ್ ಶುರುವಾದವು.

ನಡುವಿನ ದಿನಗಳು ಎಲ್ಲ ಕಸಿಗಳಂತೆ ಕಷ್ಟದವು: ಬಾಯಿ ಹುಣ್ಣಿಗೆ ಮಾರ್ಫಿನ್, ನಳಿಕೆಯಲ್ಲಿ ಆಹಾರ. ಪ್ಲಸ್ 18ರಂದು ಸೋಂಕಿನೊಡನೆ ಹೋರಾಡುವ ಬಿಳಿಕಣ ನ್ಯೂಟ್ರೊಫಿಲ್ 500 ದಾಟಿತು, ಮೂರು ದಿನ ಸತತವಾಗಿ ನಿಂತಿತು, ಅಂದರೆ ಕಸಿ ಹತ್ತಿತು. ಪ್ಲಸ್ 29ಕ್ಕೆ ಮನೆಗೆ. ಪ್ಲಸ್ 30ರ ಪರೀಕ್ಷೆಯಲ್ಲಿ ರಕ್ತದ ಕೋಶಗಳು ಶೇ. 99ಕ್ಕಿಂತ ಹೆಚ್ಚು ತಮ್ಮನವೇ. ಪ್ಲಸ್ 34ರಲ್ಲಿ ಮೂತ್ರ ಗುಲಾಬಿಯಾಗಿ ಉರಿ ಬಂತು, ಬಿಕೆ ವೈರಸ್. ನೀರು, ನೋವಿಗೆ ಔಷಧ, ವಾರದಲ್ಲಿ ತಿಳಿಯಾಯಿತು. ಮೈಕೊಫಿನೊಲೇಟ್ ಪ್ಲಸ್ 35ಕ್ಕೆ ನಿಂತಿತು.

ನಿಲ್ಲಿಸಿದ ಒಂದು ಮಾತ್ರೆ

ಶಿಲೀಂಧ್ರ ತಡೆಗೆ ಪೊಸಕೊನಜೋಲ್ ನಡೆಯುತ್ತಿತ್ತು. ಇದು ಟ್ಯಾಕ್ರೊಲಿಮಸ್‌ ಕರಗುವುದನ್ನು ತಡೆದು ರಕ್ತದಲ್ಲಿ ಅದರ ಮಟ್ಟ ಏರಿಸುತ್ತದೆ. ಆದ್ದರಿಂದ ಟ್ಯಾಕ್ರೊಲಿಮಸ್ ಅನ್ನು ಮೂರನೆಯ ಒಂದು ಪಾಲಿಗೆ ಇಳಿಸಿ, ದಿನಕ್ಕೆರಡು ಸಲ 0.5 ಮಿ.ಗ್ರಾಂ ಕೊಡುತ್ತಿದ್ದರು. ಮಟ್ಟ 8.6 ಇತ್ತು, ಗುರಿ 5ರಿಂದ 10.

ಪ್ಲಸ್ 58ರಂದು ಯಕೃತ್ತಿಗೆ ಪೆಟ್ಟಾದಾಗ ಹೆಚ್ಚುವ ಕಿಣ್ವ ಎಎಲ್‌ಟಿ 240ಕ್ಕೆ ಏರಿತು, ಬಿಲಿರುಬಿನ್ ಸರಿಯಿತ್ತು. ಪೊಸಕೊನಜೋಲ್‌ನಿಂದಲೇ ಇರಬೇಕೆಂದು ಅದನ್ನು ನಿಲ್ಲಿಸಿ ಮೈಕಾಫಂಜಿನ್‌ಗೆ ಬದಲಿಸಿದರು. ನಿರ್ಧಾರ ಸರಿಯಾದದ್ದೇ. ಟ್ಯಾಕ್ರೊಲಿಮಸ್ ಮಟ್ಟವನ್ನೂ ಮರೆಯಲಿಲ್ಲ, ಮೂರನೆಯ ದಿನ ನೋಡಿದರು: 7.8. ಎಲ್ಲ ಸರಿಯಿದೆ ಎಂದು ಮುಂದಿನ ಭೇಟಿಯನ್ನು ಹನ್ನೊಂದು ದಿನಕ್ಕೆ ಬರೆದರು.

ಎಡವಿದ್ದು ಅಲ್ಲೇ. ಪೊಸಕೊನಜೋಲ್ ನಿಲ್ಲಿಸಿದ ಕೂಡಲೇ ಮೈಯಿಂದ ಹೋಗುವುದಿಲ್ಲ. ಅದರ ಹಿಡಿತ ಪೂರ್ತಿ ಸಡಿಲವಾಗಲು ವಾರದ ಹತ್ತಿರ ಬೇಕು. ಮೂರನೆಯ ದಿನದ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ, ಆ ಚೆನ್ನಾಗಿರುವಿಕೆಯೇ ಮೋಸ. ಪ್ಲಸ್ 72ಕ್ಕೆ ಮಟ್ಟ 2.4ಕ್ಕೆ ಇಳಿದಿತ್ತು.

ಎರಡು ದಿನ ಮೊದಲೇ ಅಂಗೈ, ಅಂಗಾಲು, ಕಿವಿಯ ಹಿಂದೆ ಕೆಂಪು ಗಂಧೆ ಎದ್ದಿತ್ತು. ಸೋಪಿನ ಅಲರ್ಜಿ ಇರಬಹುದೆಂದು ಮನೆಯವರು ಸುಮ್ಮನಿದ್ದರು. ಭೇದಿಯೂ ಇತ್ತು. ಫೋನಿನಲ್ಲಿ ಕೇಳಿದಾಗ "ದಿನಕ್ಕೆ ನಾಲ್ಕೈದು ಸಲ" ಎಂದರು. ಸಲಗಳ ಎಣಿಕೆಯಿಂದ ಏನೂ ತಿಳಿಯುವುದಿಲ್ಲ. ದರ್ಜೆ ಹೇಳುವುದು ಪ್ರಮಾಣ: ದಿನಕ್ಕೆ 500 ಮಿ.ಲೀ.ನಿಂದ ಒಂದನೆಯ ಹಂತ, ಒಂದು ಲೀಟರಿಂದ ಎರಡನೆಯದು, ಒಂದೂವರೆ ಲೀಟರ್ ಮೇಲೆ ಮೂರನೆಯದು. ವಾರ್ಡಿನಲ್ಲಿ ಅಳೆದಾಗ 900 ಮಿ.ಲೀ. ಗಂಧೆ ಮೈಯ ಶೇ. 40ರಷ್ಟು ಹರಡಿತ್ತು. ಸೋಂಕಿನ ಪರೀಕ್ಷೆಗಳು ನಕಾರಾತ್ಮಕ. ದೊಡ್ಡ ಕರುಳಿನ ತುಣುಕು ಪರೀಕ್ಷೆಯಲ್ಲಿ ಜಿವಿಎಚ್‌ಡಿ ಖಚಿತವಾಯಿತು, ಅಂದರೆ ತಮ್ಮನ ಕೋಶಗಳು ರೋಗಿಯ ಚರ್ಮ ಮತ್ತು ಕರುಳಿನ ಮೇಲೆ ತಿರುಗಿಬಿದ್ದಿದ್ದವು. ಒಟ್ಟು ದರ್ಜೆ ಎರಡು.

ಮಿಥೈಲ್‌ಪ್ರೆಡ್ನಿಸಲೋನ್ ದಿನಕ್ಕೆ 60 ಮಿ.ಗ್ರಾಂ, ಕಿಲೋಗೆ ಸುಮಾರು 1 ಮಿ.ಗ್ರಾಂ. ಟ್ಯಾಕ್ರೊಲಿಮಸ್ ಮೂರು ಪಟ್ಟು ಏರಿಸಿ 1.5 ಮಿ.ಗ್ರಾಂ. ಮೊದಲ ವಾರದಲ್ಲಿ ಎರಡು ದಿನಗಳನ್ನು ಗುರುತು ಹಾಕಿಕೊಂಡು ಕಾದರು: ಮೂರನೆಯ ದಿನಕ್ಕೆ ಹೆಚ್ಚಾದರೆ ಅಥವಾ ಏಳನೆಯ ದಿನಕ್ಕೂ ಕಡಿಮೆಯಾಗದಿದ್ದರೆ ಸ್ಟೀರಾಯ್ಡ್ ಸೋತಿತೆಂದು ಲೆಕ್ಕ, ಆಗ ರುಕ್ಸೊಲಿಟಿನಿಬ್ ಎಂಬ ಬೇರೆ ಔಷಧ. ಏಳನೆಯ ದಿನ ಗಂಧೆ ಮಾಸಿತ್ತು, ಭೇದಿ 300 ಮಿ.ಲೀ. ನಿಧಾನಕ್ಕೆ ಇಳಿಸಲು ಶುರು ಮಾಡಿದರು.

ಸ್ಟೀರಾಯ್ಡ್‌ಗೂ ಬೆಲೆ ತೆರಬೇಕಾಯಿತು. ಪ್ಲಸ್ 88ರಂದು ಮಲಗಿದ್ದ ಸೈಟೊಮೆಗಾಲೊ ವೈರಸ್ ಎದ್ದಿತು. ವಾರಕ್ಕೊಮ್ಮೆ ಪಿಸಿಆರ್ ನೋಡುತ್ತಿದ್ದುದರಿಂದ ಅಂಗಗಳಿಗೆ ತಗಲುವ ಮೊದಲೇ ಸಿಕ್ಕಿತು. ವಾಲ್‌ಗ್ಯಾನ್ಸಿಕ್ಲೊವಿರ್ 900 ಮಿ.ಗ್ರಾಂ ದಿನಕ್ಕೆರಡು ಸಲ ಕೊಟ್ಟರೆ, ಅದು ಎಳೆಯ ಮಜ್ಜೆಯನ್ನೇ ಅದುಮಿ ನ್ಯೂಟ್ರೊಫಿಲ್ 700ಕ್ಕೆ ಇಳಿಯಿತು. ಜಿ-ಸಿಎಸ್‌ಎಫ್ ಕೊಟ್ಟು ದಾಟಿಸಿದರು. ಮೂರು ವಾರದಲ್ಲಿ ವೈರಸ್ ತಗ್ಗಿತು. ಟ್ಯಾಕ್ರೊಲಿಮಸ್ ಮಟ್ಟವನ್ನು ಇನ್ನೊಮ್ಮೆ ಸಮಯಕ್ಕೆ ನೋಡಿದ್ದರೆ ಈ ಐದು ವಾರಗಳ ಬಹುಪಾಲು ತಪ್ಪುತ್ತಿತ್ತೆಂದೇ ತಂಡದ ಅಭಿಪ್ರಾಯ.

ಆಮೇಲೆ

ನಾಲ್ಕನೆಯ ತಿಂಗಳಲ್ಲಿ ಅವರ ಕೆಂಪುಕಣಗಳು ಎ ಗುಂಪಿಗೆ ತಿರುಗತೊಡಗಿದವು. ಸ್ಟೀರಾಯ್ಡ್ ಐದನೆಯ ತಿಂಗಳಿಗೆ, ಟ್ಯಾಕ್ರೊಲಿಮಸ್ ಒಂಬತ್ತನೆಯ ತಿಂಗಳಿಗೆ ನಿಂತವು. ಹದಿನೆಂಟನೆಯ ತಿಂಗಳಲ್ಲಿ ಮಜ್ಜೆಯಲ್ಲಿ ಕಾಯಿಲೆಯ ಉಳಿಕೆ ಇಲ್ಲ. ಬಾಯಿ ಒಣಗುತ್ತದೆ, ಮುಟ್ಟು ನಿಂತುಹೋಗಿದೆ, ಮೂಳೆ ಸವೆತಕ್ಕೆ ಚಿಕಿತ್ಸೆ ನಡೆದಿದೆ. ಚಿಕ್ಕಂದಿನ ಲಸಿಕೆಗಳ ರಕ್ಷಣೆ ಅಳಿಸಿಹೋಗಿರುವುದರಿಂದ ಎಲ್ಲವನ್ನೂ ಹೊಸದಾಗಿ ಹಾಕುತ್ತಿದ್ದಾರೆ. ದಡಾರದಂಥ ಜೀವಂತ ಲಸಿಕೆಗಳಿಗೆ ಮಾತ್ರ ಎರಡು ವರ್ಷ ತುಂಬಬೇಕು, ರೋಗನಿರೋಧಕ ತಗ್ಗಿಸುವ ಔಷಧವೂ ನಿಂತಿರಬೇಕು.

ತಂಡದ ಕಾಗದಪತ್ರಗಳಲ್ಲಿ ಕೆಲವು ಬದಲಾವಣೆ ಬಂದಿವೆ. ಗರ್ಭಿಣಿಯಾಗಿದ್ದ ಅಥವಾ ಹಲವು ಸಲ ರಕ್ತ ಪಡೆದ ರೋಗಿಯ ಪ್ರತಿಕಾಯ ಪರೀಕ್ಷೆ ಈಗ ದಾನಿಯ ಎಚ್‌ಎಲ್‌ಎ ಜೊತೆಗೇ ಹೋಗುತ್ತದೆ. ಕುಟುಂಬದೊಡನೆ ದಾನಿಯ ಹೆಸರು ಆಡುವುದು ಫಲಿತಾಂಶ ಬಂದ ಮೇಲೆಯೇ. ಸೊನ್ನೆಯಿಂದ ಪ್ಲಸ್ 5ರವರೆಗೆ ಹಳೆಯ ಚಾರ್ಟಿನ ಯಾವ ಆದೇಶವೂ ತಾನಾಗಿ ಮುಂದುವರಿಯುವುದಿಲ್ಲ, ಪ್ರತಿಯೊಂದನ್ನೂ ಹೊಸದಾಗಿ ಬರೆಯಬೇಕು. ಅಜೋಲ್ ಔಷಧ ಶುರು ಮಾಡಿದರೆ ಅಥವಾ ನಿಲ್ಲಿಸಿದರೆ, 3, 7 ಮತ್ತು 10ನೆಯ ದಿನಕ್ಕೆ ಟ್ಯಾಕ್ರೊಲಿಮಸ್ ಪರೀಕ್ಷೆಯ ದಿನಾಂಕ ಬರೆಯದೆ ಔಷಧಾಲಯ ಚೀಟಿಯನ್ನು ಸ್ವೀಕರಿಸುವುದಿಲ್ಲ. ಮನೆಗೆ ಹೊರಡುವ ಪ್ರತಿ ರೋಗಿಯ ಚೀಲದಲ್ಲಿ ಥರ್ಮಾಮೀಟರಿನ ಪಕ್ಕ ಒಂದು ಲೀಟರಿನ ಅಳತೆಪಾತ್ರೆ ಇರುತ್ತದೆ, 500ರ ಗೆರೆಯ ಮೇಲೆ ಕೆಂಪು ಟೇಪ್ ಅಂಟಿಸಿ, ಅದರ ಮೇಲೆ ವಾರ್ಡಿನ ಫೋನ್ ನಂಬರ್ ಬರೆದು.